ಎಲ್ಲರ ಹಿಂದೆ ಸೈಕಲ್ ತುಳಿದವರು

ಅವರ ಮುಖಕ್ಕಿಂತ ದನಿಯೇ ನನಗೆ ಹೆಚ್ಚು ಪರಿಚಯ. ನಾವಿಬ್ಬರೂ ಒಟ್ಟಿಗೆ ಸೈಕಲ್ ತುಳಿದ ದಿನಗಳಲ್ಲಿ ಅವರು ನನ್ನ ಪಕ್ಕಕ್ಕೆ ಬಂದದ್ದು ಕಡಿಮೆ, ಮುಂದೆ ಹೋದದ್ದಂತೂ ಇಲ್ಲವೇ ಇಲ್ಲ. ಯಾವಾಗಲೂ ನನ್ನ ಹಿಂದಿನ ಚಕ್ರದಿಂದ ಒಂದು ಮಾರು ದೂರದಲ್ಲಿ ಇರುತ್ತಿದ್ದರು. ಅಲ್ಲಿಂದಲೇ ಮಾತು ಬರುತ್ತಿತ್ತು. "ಹಿಂದ ಕಾರ್ ಬರಾಕತ್ತೈತ್ರಿ, ಬಾಜೂಕ ಸರೀರಿ." "ಗೇರ್ ಇಳಸ್ರಿ, ಯಾಕ ಜಗ್ಗಾಡ್ತೀರಿ?" "ಉಸರ ಬಿಡ್ರಿ ಡಾಕ್ಟರ್ರ, ಹಿಡಕೊಂಡ ಕುಂದರಬ್ಯಾಡ್ರಿ." ಏರು ಜಾಸ್ತಿಯಾಗಿ ನಾನು ಸುಸ್ತಾದಾಗ ಮಾತ್ರ ಒಂದೇ ಮಾತು: "ಹೋಗ್ರಿ, ನಾ ಅದೀನಿ."

ಗುಂಪು ಕಟ್ಟಿಕೊಂಡು ಸೈಕಲ್ ಪ್ರವಾಸ ಹೊರಟಾಗ ಎಲ್ಲರಿಗಿಂತ ಹಿಂದೆ ಒಬ್ಬರು ಇರುತ್ತಾರೆ. ಅವರಿಗೆ ಸ್ವೀಪ್ ಎನ್ನುತ್ತಾರೆ. ಎಲ್ಲರಿಗಿಂತ ನಿಧಾನವಾಗಿ ತುಳಿಯುವವರ ಹಿಂದೆ ಇನ್ನೂ ನಿಧಾನವಾಗಿ ಬರುವುದು, ಪಂಕ್ಚರ್ ಆದರೆ ಟ್ಯೂಬ್ ಬದಲಾಯಿಸಿ ಕೊಡುವುದು, ದಾರಿ ತಪ್ಪಿದವರನ್ನು ಹುಡುಕಿ ತರುವುದು, ಅಳು ಬಂದವರ ಜೊತೆ ರಸ್ತೆ ಬದಿಯಲ್ಲಿ ಸ್ವಲ್ಪ ಹೊತ್ತು ಕೂರುವುದು ಅವರ ಕೆಲಸ. ಫ್ರಾನ್ಸಿನ ದ್ರಾಕ್ಷಿ ಸೀಮೆಯಲ್ಲಿ ಅವರು ಎಷ್ಟೋ ವರ್ಷ ಆ ಕೆಲಸ ಮಾಡಿದರು. ಈ ವರ್ಷದಿಂದ ನಿಲ್ಲಿಸಿದ್ದಾರೆಂದು ಕಳೆದ ತಿಂಗಳು ಅವರ ಯಜಮಾನರು ಫೋನ್ ಮಾಡಿದಾಗ ಗೊತ್ತಾಯಿತು. "ಮೊಣಕಾಲು ಬ್ಯಾಡ ಅಂತಾವಂತ. ಅಕಿ ಏನೂ ಹೇಳೂದಿಲ್ಲ, ನಾನ ಹೇಳಾಕತ್ತೀನಿ," ಎಂದರು. ಫೋನ್ ಇಟ್ಟ ಮೇಲೆ ಅವರ ಬಗ್ಗೆ ಬರೆಯಬೇಕೆನಿಸಿತು. ಹೆಸರು ಬರೆಯುವುದಿಲ್ಲ. ಬರೆದರೆ ಅವರು ಒಪ್ಪುವುದಿಲ್ಲ.

ಅವರು ನನಗೆ ಸಿಕ್ಕಿದ್ದು ಅಮೆರಿಕದಲ್ಲಿ, ಡೆಟ್ರಾಯಿಟ್ ಹತ್ತಿರದ ಆನ್ ಆರ್ಬರ್‌ನ ಆಸ್ಪತ್ರೆಯಲ್ಲಿ. ನಾನು ಅಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂತು ರೋಗ ಪತ್ತೆ ಮಾಡುವವಳು, ಪೆಥಾಲಜಿ ಡಾಕ್ಟರು. ರೋಗಿಗಳ ಮುಖ ನೋಡುವ ಪ್ರಸಂಗ ನನಗೆ ಬರುವುದಿಲ್ಲ. ಒಂದು ಚಳಿಗಾಲದ ಬೆಳಿಗ್ಗೆ ಪಾರ್ಕಿಂಗ್ ಲಾಟಿನ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಪಾದದ ಕೀಲು ಮುರಿದುಕೊಂಡೆ. ಪ್ಲೇಟು, ಸ್ಕ್ರೂ ಎಲ್ಲ ಹಾಕಿಸಿಕೊಂಡ ಮೇಲೆ ಫಿಸಿಯೋಥೆರಪಿಗೆ ಕಳಿಸಿದರು. ಅಲ್ಲಿ ಥೆರಪಿಸ್ಟಿನ ಸಹಾಯಕಿಯೊಬ್ಬರು ನನ್ನ ಪಾದವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಮಡಚುತ್ತಿದ್ದರು. ನೋವು ತಡೆಯಲಾರದೆ, "ಅಯ್ಯೋ, ಸಾಕಮ್ಮ ಸಾಕು," ಎಂದು ಗೊಣಗಿಕೊಂಡೆ.

"ಇನ್ನ ಸಾಕಾಗಿಲ್ರಿ," ಎಂದರು ಅವರು, ಪಾದದಿಂದ ಕಣ್ಣೆತ್ತದೆ. "ಇನ್ನೊಂದಿಷ್ಟ ಐತಿ."

ಗೋಧಿ ಬಣ್ಣ, ಬಿಗಿಯಾಗಿ ಎಳೆದು ಕಟ್ಟಿದ ಕೂದಲು, ನೀಲಿ ಯೂನಿಫಾರ್ಮಿನ ತೋಳನ್ನು ಮೊಣಕೈವರೆಗೆ ಮಡಚಿದ್ದರು. ನಲವತ್ತೈದರ ಆಸುಪಾಸು. ನಾನು ಅವರನ್ನು ಮೆಕ್ಸಿಕೋದವರು ಅಂದುಕೊಂಡಿದ್ದೆ. ಅವರು ಬಿಜಾಪುರದವರು.

ಸ್ವಲ್ಪ ದಿನದಲ್ಲೇ ನನ್ನನ್ನು ಮೂಲೆಯಲ್ಲಿದ್ದ, ನಿಂತಲ್ಲೇ ತುಳಿಯುವ ಸೈಕಲ್ಲಿನ ಮೇಲೆ ಕೂರಿಸಿದರು. ಕಾಲಿಗೆ ಇದಕ್ಕಿಂತ ಒಳ್ಳೆ ಔಷಧ ಇಲ್ಲ ಎಂದರು. ತುಳಿಯುವಾಗ ಬೇಜಾರಾಗದಿರಲಿ ಎಂದು ನಾನೇ ಅವರ ಕತೆ ಕೇಳಿದೆ. ಅವರು ಕೇಳಿದಷ್ಟಕ್ಕೆ ಉತ್ತರ ಕೊಡುವವರು.

ಅವರ ತಂದೆಗೆ ಬಿಜಾಪುರದಲ್ಲಿ ಬಾಡಿಗೆ ಸೈಕಲ್ಲಿನ ಅಂಗಡಿಯಿತ್ತು. ಆ ಕಡೆ ಸೈಕಲ್ ರೇಸ್ ಎಂದರೆ ಜನ ಕುಸ್ತಿ ನೋಡಲು ಬರುವ ಹಾಗೆ ಬರುತ್ತಾರೆ. ಹುಡುಗಿಯರೂ ಸೋಲಾಪುರದ ರಸ್ತೆಯಲ್ಲಿ ಬೆಳಕು ಹರಿಯುವ ಮೊದಲೇ ಪ್ರಾಕ್ಟೀಸಿಗೆ ಹೊರಡುತ್ತಾರೆ. ಇವರು ರಾಜ್ಯದ ಪರವಾಗಿ ರೇಸ್ ತುಳಿದವರು. ರಾಷ್ಟ್ರಮಟ್ಟದ ತರಬೇತಿ ಕ್ಯಾಂಪಿಗೂ ಆಯ್ಕೆಯಾಗಿದ್ದರು.

"ಮತ್ತೆ ಯಾಕ್ ಬಿಟ್ರಿ? ಮದುವೆ ಮಾಡಿಬಿಟ್ರಾ?" ಎಂದು ಕೇಳಿದೆ. ನನಗೆ ಬೇರೆ ಯಾವ ಕಾರಣವೂ ಹೊಳೆದಿರಲಿಲ್ಲ.

ಅವರಿಗೆ ನಗು ಬಂತು. "ಎಲ್ಲಾರೂ ಹಂಗ ಕೇಳ್ತಾರ. ಯಾರೂ ಬ್ಯಾಡ ಅಂದಿಲ್ರಿ. ಮನಿಯವರೂ ಅಂದಿಲ್ಲ, ಇವರೂ ಅಂದಿಲ್ಲ. ನಾನ ಬಿಟ್ಟೆ. ಕ್ಯಾಂಪಿನ್ಯಾಗ ನನಗಿಂತ ಜೋರ್ ತುಳಿಯೋ ಹುಡುಗ್ಯಾರು ಇದ್ರು. ಅಲ್ಲಿ ಸೋಲೂದು ಬ್ಯಾಸರಾತು, ಬಿಟ್ಟಬಿಟ್ಟೆ." ನನ್ನ ಪೆಡಲ್ ನಿಂತದ್ದನ್ನು ನೋಡಿ, "ತುಳೀರಿ," ಎಂದರು.

ತಮ್ಮ ಬಗ್ಗೆ ಯಾರೂ ಅಯ್ಯೋ ಅನ್ನಬಾರದು ಎನ್ನುವುದು ಅವರ ಸ್ವಭಾವದ ಬೇರು. ಆ ವರ್ಷಗಳಲ್ಲಿ ಅದನ್ನು ಕಾಪಾಡಿಕೊಳ್ಳುವುದು ಸುಲಭವಿರಲಿಲ್ಲ. ಡೆಟ್ರಾಯಿಟ್ ಸುತ್ತಮುತ್ತ ಕಾರಿನ ಕಂಪನಿಗಳು ನೆಲ ಕಚ್ಚಿದ್ದವು. ಬಡಾವಣೆಗಳಲ್ಲಿ ಮನೆಯ ಮುಂದೆ ಹುಲ್ಲು ಮೊಣಕಾಲೆತ್ತರ ಬೆಳೆದಿದ್ದರೆ ಅಲ್ಲಿದ್ದವರು ಸಾಲ ಕಟ್ಟಲಾಗದೆ ಬ್ಯಾಂಕಿಗೆ ಬೀಗದ ಕೈ ಕೊಟ್ಟು ಹೋಗಿದ್ದಾರೆಂದು ಅರ್ಥ. ದೇವಸ್ಥಾನದಲ್ಲಿ ಸಿಕ್ಕ ಕನ್ನಡದವರು "ಹೇಗಿದೀರಾ" ಎಂದು ಕೇಳುವುದನ್ನು ಬಿಟ್ಟು "ಇನ್ನೂ ಅದೇ ಕಂಪನೀಲಿ ಇದೀರಾ" ಎಂದು ಕೇಳುತ್ತಿದ್ದರು. ಅವರ ಯಜಮಾನರು ಕಾರಿನ ಸೀಟಿನ ಚೌಕಟ್ಟು ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಆ ಕಂಪನಿ ಬಾಗಿಲು ಹಾಕಿತು. ಕಂಪನಿ ಕೊಟ್ಟಿದ್ದ ಕಾರೂ ಹೋಯಿತು. ಉಳಿದ ಒಂದು ಕಾರು ಅವರ ಇಂಟರ್ವ್ಯೂ ಓಡಾಟಕ್ಕೆ ಬೇಕಿತ್ತು. ಇವರು ಗರಾಜಿನಲ್ಲಿದ್ದ ಹಳೆಯ ಸೈಕಲ್ಲನ್ನು ತೆಗೆದು ಒರೆಸಿ, ಕ್ಯಾಂಟನ್ ಎನ್ನುವ ಊರಿನ ತಮ್ಮ ಮನೆಯಿಂದ ಆನ್ ಆರ್ಬರ್‌ಗೆ ಕೆಲಸಕ್ಕೆ ಅದರಲ್ಲೇ ಬರತೊಡಗಿದರು.

ಕಾರು ಕಟ್ಟುವ ಊರಿನಲ್ಲಿ ದೊಡ್ಡವರು ಸೈಕಲ್ ತುಳಿಯುತ್ತಾರೆಂದರೆ ಒಂದೋ ಲೈಸೆನ್ಸ್ ಕಳೆದುಕೊಂಡಿರಬೇಕು, ಇಲ್ಲ ಮನೆ ಮುಳುಗಿರಬೇಕು. ಗೊತ್ತಿದ್ದವರು ಕಾರು ನಿಲ್ಲಿಸಿ, "ಬನ್ನಿ ಆಂಟಿ, ಡ್ರಾಪ್ ಮಾಡ್ತೀವಿ," ಎನ್ನುತ್ತಿದ್ದರು. ಇವರು ಒಂದು ಕಾಲು ನೆಲಕ್ಕೆ ಊರಿ, "ಬ್ಯಾಡ್ರಿ, ಹಗೂರ ಬರ್ತೀನಿ," ಎಂದು ಮುಂದೆ ಹೋಗುತ್ತಿದ್ದರು. ಹೈಸ್ಕೂಲಿನಲ್ಲಿದ್ದ ಮಗಳು ಒಂದು ದಿನ, "Mom, please don't come to my school on that thing," ಎಂದಳಂತೆ. ಅಂದಿನಿಂದ ಪೇರೆಂಟ್ ಮೀಟಿಂಗಿಗೆ ಹೋದರೆ ಸೈಕಲ್ಲನ್ನು ಒಂದು ಬೀದಿ ಆಚೆ ನಿಲ್ಲಿಸಿ, ಹೆಲ್ಮೆಟ್ ಬ್ಯಾಗಿಗೆ ಹಾಕಿಕೊಂಡು ನಡೆದು ಹೋಗುತ್ತಿದ್ದರು. "ಅಕಿ ವಯಸ್ಸಿಗೆ ಅಕಿ ಮಾನ ದೊಡ್ಡದು. ನನ್ನ ಮಾನ ಸೈಕಲ್ ಮ್ಯಾಲ ಕುಂತ್ರ ಬೀಳೂದಿಲ್ಲ," ಎಂದು ನನಗೆ ಹೇಳಿದರು. ಅದರಲ್ಲಿ ಮುನಿಸು ಇರಲಿಲ್ಲ.

ನನ್ನ ಥೆರಪಿ ಮುಗಿಯಿತು. ವಸಂತ ಬಂದಾಗ ನಾನೂ ಒಂದು ಸೈಕಲ್ ಕೊಂಡೆ. ಶನಿವಾರ ಬೆಳಿಗ್ಗೆ ಹ್ಯೂರನ್ ನದಿಯ ಪಕ್ಕದ ರಸ್ತೆಯಲ್ಲಿ ಡೆಕ್ಸ್‌ಟರ್ ಊರಿನವರೆಗೆ ಹೋಗಿ ಬರುವುದು ನಮ್ಮ ರೂಢಿಯಾಯಿತು. ಹಾಗೆ ಹೋಗುವಾಗಲೇ ಒಬ್ಬ ಫ್ರೆಂಚ್ ಮೇಷ್ಟ್ರು ಪರಿಚಯವಾದದ್ದು. ಆನ್ ಆರ್ಬರ್‌ನ ಶಾಲೆಯೊಂದರಲ್ಲಿ ಫ್ರೆಂಚ್ ಕಲಿಸಿ ನಿವೃತ್ತರಾದ ಅಮೆರಿಕದವರು, ನರೆತ ಜುಟ್ಟು ಕಟ್ಟಿಕೊಳ್ಳುತ್ತಿದ್ದರು. ಪ್ರತಿ ಸೆಪ್ಟೆಂಬರಿನಲ್ಲಿ ಒಂದು ಸಣ್ಣ ಗುಂಪನ್ನು ಫ್ರಾನ್ಸಿನ ಬರ್ಗಂಡಿಗೆ ಕರೆದುಕೊಂಡು ಹೋಗಿ, ದ್ರಾಕ್ಷಿ ತೋಟಗಳ ನಡುವೆ, ಹಳೆಯ ಕೋಟೆ ಊರುಗಳ ನಡುವೆ ಸೈಕಲ್ ಹೊಡೆಸುತ್ತಿದ್ದರು. ಆ ವರ್ಷ ಬರುತ್ತೇನೆಂದಿದ್ದ ಅರ್ಧ ಜನ ಕೆಲಸ ಹೋಗಿ ಹಿಂದೆ ಸರಿದಿದ್ದರು. ಸ್ವೀಪ್ ಕೆಲಸಕ್ಕೆ ಬರುತ್ತಿದ್ದವನು ಬೇರೆ ಊರು ಸೇರಿದ್ದ. ನದಿ ರಸ್ತೆಯಲ್ಲಿ ಹಲವು ವಾರ ನಮ್ಮನ್ನು ನೋಡಿದ ಮೇಷ್ಟ್ರು ಒಂದು ಶನಿವಾರ ಸೈಕಲ್ ನಿಲ್ಲಿಸಿ ನನ್ನನ್ನೇ ಕೇಳಿದರು: ಇಷ್ಟು ಚೆನ್ನಾಗಿ ತುಳಿಯುವವರು ಇಷ್ಟು ನಿಧಾನವಾಗಿ ಹೋಗುವುದಕ್ಕೆ ಹೇಗೆ ಒಪ್ಪಿಕೊಂಡರು?

"ಅವರನ್ನೇ ಕೇಳಿ," ಎಂದೆ.

ಮೇಷ್ಟ್ರು ಸಂಬಳ ಕೊಡುತ್ತೇನೆಂದು ಅವರನ್ನು ಸ್ವೀಪ್ ಕೆಲಸಕ್ಕೆ ಕರೆದರು. ಆಸ್ಪತ್ರೆಯಲ್ಲಿ ಇವರ ಕೆಲಸವೂ ಕಡಿಮೆಯಾಗಿತ್ತು. ಕೆಲಸದ ಜೊತೆ ಇನ್ಶೂರೆನ್ಸ್ ಹೋದ ಜನ ಥೆರಪಿಗೆ ಬರುವುದನ್ನು ಬಿಟ್ಟಿದ್ದರು. ಆದರೂ ಒಪ್ಪುವುದೋ ಬೇಡವೋ ಎಂದು ಎರಡು ವಾರ ಯೋಚಿಸಿದರು. ಕೊನೆಗೆ ಒಪ್ಪಿಸಿದ್ದು ಯಜಮಾನರು. "ನೀ ಹೋಗು. ಮನಿ ನಾ ನೋಡ್ಕೋತೀನಿ. ರೊಟ್ಟಿ ಬಡಿಯೂದು ಕಲ್ತೀನಿ," ಎಂದರಂತೆ. ಇವರು ಹೋಗುತ್ತಾರೆಂದ ಮೇಲೆ ನಾನೂ ಹೆಸರು ಬರೆಸಿದೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಾನೇ ಎಂದು ಮೇಷ್ಟ್ರಿಗೆ ಮೊದಲೇ ಹೇಳಿದ್ದೆ.

ಹೊರಡುವ ಮುಂಚೆ ಕ್ಯಾಂಟನ್ನಿನ ಒಂದು ಮನೆಯಲ್ಲಿ ಸತ್ಯನಾರಾಯಣ ಪೂಜೆಯಿತ್ತು. ಊಟದ ಸಾಲಿನಲ್ಲಿ ನಮ್ಮ ಮುಂದಿದ್ದ ಮೈಸೂರಿನ ಹೆಂಗಸೊಬ್ಬರು, ಇವರು ಹಿಂದೆ ಇದ್ದದ್ದು ಗೊತ್ತಿಲ್ಲದೆ, "ಗಂಡನಿಗೆ ಕೆಲಸ ಇಲ್ಲ, ಇವರು ಫ್ರಾನ್ಸ್ ನೋಡೋಕೆ ಹೊರಟಿದಾರಂತೆ," ಎಂದರು. ಇವರು ತಟ್ಟೆಗೆ ಕೋಸಂಬರಿ ಹಾಕಿಕೊಳ್ಳುತ್ತಲೇ ಹೇಳಿದರು: "ನೋಡಾಕ ಅಲ್ರಿ ಅಕ್ಕಾರ. ಕೆಲಸಕ್ಕ ಹೊಂಟೀನಿ. ಇಲ್ಲಿ ಕೆಲಸ ಕಡಿಮಿ ಆಗ್ಯಾವ, ಅಲ್ಲಿ ಸಿಕ್ಕೈತಿ." ದನಿ ಒಂದಿಷ್ಟೂ ಏರಲಿಲ್ಲ. ಆ ಹೆಂಗಸು ಆಮೇಲೆ ತಾವಾಗಿಯೇ ಬಂದು ಇವರ ಪಕ್ಕದಲ್ಲಿ ಕೂತು ಊಟ ಮಾಡಿದರು.

ಬರ್ಗಂಡಿಯಲ್ಲಿ ಅದು ದ್ರಾಕ್ಷಿ ಕೊಯ್ಲಿನ ಕಾಲ. ಬೋನ್ ಎನ್ನುವ ಊರಿನಿಂದ ಹೊರಟು ದಕ್ಷಿಣಕ್ಕೆ ಹೋದರೆ ರಸ್ತೆಯ ಎರಡೂ ಕಡೆ ಗುಡ್ಡದ ಇಳಿಜಾರಿನ ತುಂಬ ಬಳ್ಳಿಗಳ ಸಾಲು. ನಡುವೆ ಬಾಗಿದ ಬೆನ್ನುಗಳು, ಬುಟ್ಟಿಗಳು, ಸಾಲಿನ ಆಚೆ ಈಚೆ ಕಾಲಿಟ್ಟು ನಿಂತಂತೆ ಹೋಗುವ ಎತ್ತರದ ಟ್ರ್ಯಾಕ್ಟರು. ಊರು ಹತ್ತಿರ ಬಂತೆಂದರೆ ಹುಳಿಯೇರುತ್ತಿರುವ ರಸದ ವಾಸನೆ ಬರುತ್ತಿತ್ತು. ನಾವೆಲ್ಲ ಬೆರಗಾಗಿ ನೋಡುತ್ತಿದ್ದೆವು. ಅವರಿಗೆ ಮಾತ್ರ ಅದು ಪರಿಚಯದ ಸೀಮೆಯಾಗಿತ್ತು. ಬಿಜಾಪುರದ ಕಡೆಯೂ ದ್ರಾಕ್ಷಿಯ ನಾಡೇ.

"ಇಷ್ಟ ಗಿಡ್ಡ ಯಾಕ ಬಿಟ್ಟಾರ ಬಳ್ಳಿ? ನಮ್ಮ ಕಡೆ ಚಪ್ಪರ ಹಾಕ್ತಾರ, ಕೆಳಗ ನಿಂತ ಹರೀತೀವಿ. ಇಲ್ಲಿ ಪಾಪ ಸೊಂಟ ಮುರಕೋತಾರ," ಎಂದು ಹಿಂದಿನಿಂದ ದನಿ ಬಂತು.

ಮಧ್ಯಾಹ್ನಗಳಲ್ಲಿ ಗುಂಪು ಯಾವುದಾದರೂ ತೋಟದವರ ನೆಲಮಾಳಿಗೆಗೆ ವೈನ್ ರುಚಿ ನೋಡಲು ಇಳಿಯುತ್ತಿತ್ತು. ಅವರು ಕುಡಿಯುವವರಲ್ಲ. ಹೊರಗೆ ಸೈಕಲ್ಲುಗಳನ್ನು ಕಾಯುತ್ತ, ಎಲ್ಲರ ಟೈರನ್ನೂ ಹೆಬ್ಬೆರಳಿನಿಂದ ಒತ್ತಿ ಗಾಳಿ ನೋಡುತ್ತ ಇರುತ್ತಿದ್ದರು. ಒಂದು ಕಡೆ ತೋಟದ ಮುದುಕ ಯಜಮಾನರು ಹೊರಗೆ ಬಂದು, ಇವರಿಗೇಕೆ ಲೋಟ ಕೊಟ್ಟಿಲ್ಲವೆಂದು ಕೇಳಿದರು. ಮೇಷ್ಟ್ರು ವಿವರಿಸಿದ ಮೇಲೆ, ಆಗಷ್ಟೇ ಕೊಯ್ದು ತಂದ ಗೊಂಚಲೊಂದನ್ನು ತೆಗೆದುಕೊಟ್ಟರು. ಇವರು ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಬೀಜ ಉಗಿದು, "ಸಿಹಿ ಐತಿ. ಬೀಜ ಭಾಳ," ಎಂದರು. ನಂತರ ಜರ್ಸಿಯ ಹಿಂಜೇಬಿಗೆ ಕೈಹಾಕಿ ಒಂದು ಪೊಟ್ಟಣ ತೆಗೆದರು. ತಂಗಿ ಊರಿಂದ ಕಳಿಸಿದ್ದ ಒಣದ್ರಾಕ್ಷಿ. ಸೈಕಲ್ ತುಳಿಯುವಾಗ ಅವರು ತಿನ್ನುತ್ತಿದ್ದದ್ದು ಅದೊಂದನ್ನೇ.

ಮುದುಕ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ಮೊದಲು ಮೂಸಿದರು. ಒಂದನ್ನು ಬಾಯಲ್ಲಿಟ್ಟು ಕಣ್ಣುಮುಚ್ಚಿ ಬಹಳ ಹೊತ್ತು ನಿಂತರು. ಆಮೇಲೆ ಏನೋ ಹೇಳಿದರು. ಇದರಲ್ಲಿ ತುಂಬ ಬಿಸಿಲಿದೆ ಎನ್ನುತ್ತಿದ್ದಾರೆ ಎಂದು ಮೇಷ್ಟ್ರು ತಿಳಿಸಿದರು.

"ಹೌದಂತ ಹೇಳ್ರಿ. ಬಿಸಲ ಬಿಟ್ರ ನಮ್ಮ ಕಡೆ ಮತ್ತೇನೈತಿ," ಎಂದರು ಇವರು. ನಾನು ಅದನ್ನು ಇಂಗ್ಲಿಷಿಗೆ, ಮೇಷ್ಟ್ರು ಫ್ರೆಂಚಿಗೆ ತಿರುಗಿಸಿದ ಮೇಲೆ ಮುದುಕ ಗಟ್ಟಿಯಾಗಿ ನಕ್ಕು, ಇನ್ನೂ ಎರಡು ಗೊಂಚಲನ್ನು ಇವರ ಸೈಕಲ್ಲಿನ ಬ್ಯಾಗಿಗೆ ಹಾಕಿದರು.

ಕೋಟೆಯ ಊರುಗಳಲ್ಲೂ ಅವರದು ಹಾಗೆಯೇ. ನೂರಾರು ವರ್ಷದ ಕಲ್ಲಿನ ಮನೆಗಳು, ಒಂದು ಗಾಡಿ ಮಾತ್ರ ಹಿಡಿಸುವ ಓಣಿ, ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ತೊಟ್ಟಿ, ಅಗಸೆ ಬಾಗಿಲು. ನಾವು ಫೋಟೋ ತೆಗೆಯುತ್ತಿದ್ದರೆ ಅವರು ಗೋಡೆಗೆ ಅಂಗೈ ಒತ್ತಿ ಸುಮ್ಮನೆ ನಿಲ್ಲುತ್ತಿದ್ದರು. "ನಮ್ಮೂರಾಗ ಇಂಥ ಗ್ವಾಡಿ ಹತ್ತ ಕಡೆ ಬಿದ್ದಾವ. ಎಮ್ಮಿ ಕಟ್ತಾರ," ಎಂದು ಒಮ್ಮೆ ಹೇಳಿದರು. ಹಾಗಂದ ಮೇಲೂ ಕೈ ತೆಗೆಯಲಿಲ್ಲ.

ನಾನು ಹೇಳಬೇಕಾದ್ದು ಕೊನೆಯ ದಿನದ ಸಂಗತಿ. ಅಂದು ಭಾನುವಾರ. ಕಾಲುವೆಯ ದಂಡೆಯಿಂದ ಗುಡ್ಡದ ತುದಿಯ ಕೋಟೆ ಊರಿಗೆ ಹತ್ತಿ ಅಲ್ಲಿ ಊಟ ಮಾಡುವುದೆಂದಿತ್ತು. ಬಳ್ಳಿಗಳ ನಡುವೆ ಸುತ್ತಿ ಸುತ್ತಿ ಏರುವ ರಸ್ತೆ. ಆ ಗುಡ್ಡವನ್ನು ಎಲ್ಲೂ ಇಳಿಯದೆ ಹತ್ತಬೇಕೆಂದು ನಾನು ಬೇಸಿಗೆಯೆಲ್ಲ ತಯಾರಿ ಮಾಡಿಕೊಂಡಿದ್ದೆ. ಮುರಿದ ಕಾಲು ನನ್ನದೇ ಆಗಿ ಉಳಿದಿದೆ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು.

ಕೆಳಗಿನ ಸೇತುವೆಯ ಹತ್ತಿರ ಹೋದರೆ ಜನ ಸೇರಿದ್ದರು. ಕೊಯ್ಲು ಮುಗಿದ ಖುಷಿಗೆ ಆ ಊರಿನವರು ಗುಡ್ಡ ಹತ್ತುವ ಸೈಕಲ್ ಪಂದ್ಯ ಇಟ್ಟಿದ್ದರು. ಸುತ್ತಲ ಹಳ್ಳಿಗಳ ಹುಡುಗರು, ಹುಡುಗಿಯರು, ಮುದುಕರು, ಎಲ್ಲರೂ ಇದ್ದರು. ಹೊರಗಿನವರೂ ಸೇರಬಹುದು ಎಂದರು. ನಮ್ಮ ಗುಂಪಿನ ಎಲ್ಲರ ಕಣ್ಣೂ ಇವರ ಮೇಲೆ ಹೋಯಿತು. ಇವರ ಕಣ್ಣು ಮಾತ್ರ ಸಾಲಾಗಿ ನಿಂತ ಸೈಕಲ್ಲುಗಳ ಮೇಲೆಯೇ ಇತ್ತು. ಎಳೆ ಹುಡುಗಿಯೊಬ್ಬಳು ಬ್ರೇಕ್ ಒತ್ತಿ ನೋಡುತ್ತಿದ್ದುದನ್ನು, ಒಬ್ಬ ಮುದುಕ ಶೂ ಬಿಗಿ ಮಾಡುತ್ತಿದ್ದುದನ್ನು ನೋಡುತ್ತ ನಿಂತಿದ್ದರು.

"ಸೇರ್ಕೊಳ್ಳಿ," ಎಂದೆ.

"ಕೆಲಸದ ಮ್ಯಾಲ ಬಂದೀನ್ರಿ. ನೀವು ಹತ್ತಬೇಕಲ್ಲ, ನಿಮ್ಮ ಹಿಂದ ಯಾರ ಬರ್ತಾರ?"

ಅದು ನಿಜ. ಉಳಿದವರೆಲ್ಲ ತಾವಾಗಿ ಹತ್ತುವವರು, ಸ್ವೀಪ್ ಬೇಕಾಗಿದ್ದದ್ದು ನನಗೊಬ್ಬಳಿಗೆ. ನಾನು ಸ್ವಲ್ಪ ಹೊತ್ತು ಗುಡ್ಡ ನೋಡಿದೆ. ಆಮೇಲೆ ಸೈಕಲ್ಲನ್ನು ಮೇಷ್ಟ್ರ ವ್ಯಾನಿಗೆ ಒರಗಿಸಿ, "ನನ್ ಕಾಲು ಬೆಳಿಗ್ಗೆಯಿಂದ ನೋಯ್ತಾ ಇದೆ. ನಾನು ವ್ಯಾನಲ್ಲಿ ಬರ್ತೀನಿ," ಎಂದೆ.

ಅವರು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಸಾಕ್ಸ್ ಕೆಳಗಿಳಿಸಿ, ಪಾದದ ಕೀಲನ್ನು ಎರಡೂ ಕೈಯಲ್ಲಿ ಹಿಡಿದರು. ಆ ಕೀಲನ್ನು ನನಗಿಂತ ಚೆನ್ನಾಗಿ ಬಲ್ಲ ಕೈ. ಹೆಬ್ಬೆರಳಿನಿಂದ ಎಲ್ಲ ಕಡೆ ಒತ್ತಿದರು. ಎಲ್ಲಿ ಒತ್ತಿದಾಗ ಮುಖ ಕಿವಿಚಬೇಕೆಂದು ನನಗೆ ತಿಳಿಯಲಿಲ್ಲ. ಅವರು ತಲೆಯೆತ್ತಿ ನನ್ನನ್ನು ನೋಡಿದರು.

"ನಿಮಗ ಸುಳ್ಳ ಹೇಳಾಕ ಬರೂದಿಲ್ಲ ಡಾಕ್ಟರ್ರ."

"ಗೊತ್ತು. ಹೋಗಿ," ಎಂದೆ.

ಟ್ಯೂಬು, ಪಂಪು, ಔಷಧ ತುಂಬಿದ ಬ್ಯಾಗನ್ನು ಸೈಕಲ್ಲಿನಿಂದ ಬಿಚ್ಚಿ ನನ್ನ ಕೈಗೆ ಕೊಟ್ಟರು. ಅಷ್ಟು ಭಾರ ಹೊತ್ತುಕೊಂಡು ಅವರು ದಿನವೂ ನನ್ನ ಹಿಂದೆ ಬರುತ್ತಿದ್ದರೆಂದು ಆಗಲೇ ನನಗೆ ಗೊತ್ತಾದದ್ದು. ಅವರ ಬೆನ್ನಿಗೆ ನಂಬರಿನ ಕಾಗದ ಚುಚ್ಚಿದವಳು ನಾನೇ. ಬೆನ್ನು ಕಲ್ಲಿನ ಹಾಗೆ ಬಿಗಿಯಾಗಿತ್ತು.

ವ್ಯಾನು ಬೇರೆ ದಾರಿಯಿಂದ ಮೇಲೆ ಹೋಯಿತು. ನಾನು, ಮೇಷ್ಟ್ರು ಅಗಸೆ ಬಾಗಿಲಿನ ಪಕ್ಕದ ಮೋಟುಗೋಡೆಯ ಮೇಲೆ ನಿಂತೆವು. ಅಲ್ಲಿಂದ ರಸ್ತೆಯ ಮೂರು ತಿರುವು ಕಾಣುತ್ತಿದ್ದವು. ಮೊದಲು ಹುಡುಗರ ಒಂದು ಗುಂಪು ಬಂತು. ಅದರ ಹಿಂದೆ ಬಿಡಿಬಿಡಿಯಾಗಿ ಕೆಲವರು. ಆಮೇಲೆ ಕೆಳಗಿನ ತಿರುವಿನಲ್ಲಿ ಕೆಂಪು ಜರ್ಸಿಯ ಆ ಎಳೆ ಹುಡುಗಿ ಕಂಡಳು. ಅವಳ ಹಿಂದೆ ನಮ್ಮವರು.

ಅವರು ಸೈಕಲ್ ತುಳಿಯುವುದನ್ನು ನಾನು ಅಂದು ಮೊದಲ ಸಲ ಮುಂದಿನಿಂದ ನೋಡಿದೆ. ಸೊಂಟದ ಮೇಲಿನ ಮೈ ಅಲ್ಲಾಡುತ್ತಿರಲಿಲ್ಲ. ಕಾಲು ಮಾತ್ರ ಒಂದೇ ಸಮನೆ ತಿರುಗುತ್ತಿದ್ದವು. ಹಲವು ಗಂಡಸರು ಅಲ್ಲಲ್ಲಿ ಇಳಿದು ತಳ್ಳುತ್ತಿದ್ದರು. ಅವರ ಪಕ್ಕದಿಂದ ಇವರು ತಲೆ ತಿರುಗಿಸದೆ ಬಂದರು. ನಡುವಿನ ತಿರುವಿನಲ್ಲಿ ಹುಡುಗಿಯ ಚಕ್ರಕ್ಕೆ ಚಕ್ರ ಸೇರಿಸಿದರು. ಮೇಲಿನ ತಿರುವಿನಲ್ಲಿ ಅವಳನ್ನು ದಾಟಿಯೇಬಿಟ್ಟರು. ನಾನು ಗೋಡೆಯ ಮೇಲೆ ನಿಂತು, "ತುಳೀರಿ, ತುಳೀರಿ," ಎಂದು ಅವರ ಮಾತಲ್ಲೇ ಕೂಗುತ್ತಿದ್ದೆ. ಆದರೆ ಬಾಗಿಲಿನ ಹತ್ತಿರ ಕಲ್ಲುಹಾಸಿನ ಚಿಕ್ಕದೊಂದು ಕಡಿದಾದ ಏರು ಇತ್ತು. ಅಲ್ಲಿ ಚೈನು ಕಟಕಟ ಎಂದಿತು, ಇವರ ಕಾಲು ಒಂದು ಕ್ಷಣ ತಡವರಿಸಿತು. ಹುಡುಗಿ ಎದ್ದು ನಿಂತು ತುಳಿದು ಪಕ್ಕದಿಂದ ಹಾದುಹೋದಳು. ಹೆಂಗಸರಲ್ಲಿ ಅವಳು ಮೊದಲನೆಯವಳು, ಇವರು ಎರಡನೆಯವರು.

ನಾನು ಅಳುತ್ತ ಓಡಿಹೋದೆ. ಇವರು ಗೋಡೆಗೆ ಆತು ಏದುಸಿರು ಬಿಡುತ್ತಿದ್ದರು. ಮುಖದಲ್ಲಿ ಸಂತೋಷವಿರಲಿಲ್ಲ. ಸಿಟ್ಟಿತ್ತು.

"ಕಲ್ಲಿನ ಮ್ಯಾಲ ಗೇರ್ ತಪ್ಪ ಹಾಕಿದೆ," ಎಂದರು. "ಇಲ್ಲಂದ್ರ ಬಿಡ್ತಿದ್ದಿಲ್ಲ ಅಕಿನ್ನ."

ಥೆರಪಿ ಕೋಣೆಯಲ್ಲಿ, ನದಿ ರಸ್ತೆಯಲ್ಲಿ ನಾನು ಕಾಣದಿದ್ದ ಹೆಂಗಸು ಅಲ್ಲಿ ನಿಂತಿದ್ದರು. ಸೋಲುವುದು ಬೇಸರವಾಗಿ ರೇಸ್ ಬಿಟ್ಟವರು ಇವರೇ ಎಂದು ಆಗ ನಂಬಿಕೆಯಾಯಿತು. ಸ್ವಲ್ಪ ಹೊತ್ತಿಗೆ ಆ ಹುಡುಗಿ ಕೈಚಾಚಿಕೊಂಡು ಬಂದಳು. ಇವರು ಅವಳ ಕೈ ಹಿಡಿದು, ಬೆನ್ನು ತಟ್ಟಿ, ನೀರು ಕುಡಿ ಎಂದು ಸನ್ನೆ ಮಾಡಿದರು. ಅಷ್ಟರಲ್ಲಿ ಸಿಟ್ಟು ಇಳಿದಿತ್ತು.

"ನನ್ನ ಬ್ಯಾಗ್ ಎಲ್ಲೈತಿ? ಕೆಳಗ ಯಾರರ ಉಳದಾರೇನು?" ಎಂದು ಕೇಳಿದರು.

"ನಮ್ಮೋರೆಲ್ಲಾ ಬಂದಾಯ್ತು. ನಾನೂ ವ್ಯಾನಲ್ಲಿ ಬಂದೆನಲ್ಲ," ಎಂದೆ.

ಅವರು ಗೋಡೆಯಾಚೆ ಬಗ್ಗಿ ನೋಡಿದರು. ಕೆಳಗಿನ ತಿರುವಿಗಿಂತಲೂ ಕೆಳಗೆ ಒಬ್ಬ ಸವಾರ ಕಾಣಿಸಿದ. ಸೇತುವೆಯ ಹತ್ತಿರ ಶೂ ಬಿಗಿ ಮಾಡುತ್ತಿದ್ದ ಮುದುಕ. ಹಳೆಯ ಕಬ್ಬಿಣದ ಸೈಕಲ್ಲಿನ ಮೇಲೆ ಅಂಕುಡೊಂಕಾಗಿ ಹತ್ತುತ್ತಿದ್ದ. ಪಂದ್ಯ ನಡೆಸುವವರು ಆಗಲೇ ಹಗ್ಗ ಬಿಚ್ಚಿ, ಚೌಕದ ಕಡೆ ಬಹುಮಾನದ ಸಿದ್ಧತೆಗೆ ಹೋಗಿದ್ದರು.

"ಅಜ್ಜಾ ಒಬ್ಬ ಅದಾನ," ಎಂದರು. ಬ್ಯಾಗನ್ನು ಮತ್ತೆ ಸೈಕಲ್ಲಿಗೆ ಬಿಗಿದು, ತಿರುಗಿಸಿಕೊಂಡು ಇಳಿದೇ ಹೋದರು.

ಹೀಗಾಗಿ ಅವರ ಬಹುಮಾನ ತೆಗೆದುಕೊಳ್ಳಲು ನಾನು ಹೋಗಬೇಕಾಯಿತು. ಚೌಕದಲ್ಲಿ ಟ್ರ್ಯಾಕ್ಟರಿನ ಟ್ರೈಲರೇ ವೇದಿಕೆ. ಎರಡನೆಯ ಬಹುಮಾನ ಅರ್ಧ ಡಜನ್ ವೈನ್ ಬಾಟಲಿ ಮತ್ತು ಇಡೀ ಒಂದು ಹಂದಿಯ ತೊಡೆ, ಉಪ್ಪು ಹಾಕಿ ಒಣಗಿಸಿದ್ದು. ಮೊಟ್ಟೆಯನ್ನೂ ಮುಟ್ಟದ ಮೈಸೂರಿನ ಮನೆಯ ಹೆಣ್ಣುಮಗಳಾದ ನಾನು ಅದನ್ನು ಕೂಸಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ನಿಂತೆ. ಮೈಕ್ ಹಿಡಿದವನು ಇವರ ಊರು ಯಾವುದೆಂದು ಕೇಳಿದ. ಡೆಟ್ರಾಯಿಟ್ ಎನ್ನಲೋ ಕ್ಯಾಂಟನ್ ಎನ್ನಲೋ ಎಂದು ಒಂದು ಗಳಿಗೆ ತಡೆದು, "ಬಿಜಾಪುರ," ಎಂದೆ. ಅವನು ಅದು ಪಕ್ಕದ ಹಳ್ಳಿಯೇನೋ ಎನ್ನುವಷ್ಟು ಸಲೀಸಾಗಿ, ತನ್ನ ರಾಗದಲ್ಲಿ, ಆ ಹೆಸರನ್ನು ಇಡೀ ಚೌಕಕ್ಕೆ ಕೂಗಿ ಹೇಳಿದ. ನಾನು ಅಮೆರಿಕದಲ್ಲಿ ಎಷ್ಟೋ ಪದವಿ ಪತ್ರ ತೆಗೆದುಕೊಂಡಿದ್ದೇನೆ. ಅಷ್ಟು ಹೆಮ್ಮೆ ಯಾವಾಗಲೂ ಆಗಿರಲಿಲ್ಲ.

ಆಗ ಅಗಸೆ ಬಾಗಿಲಿನ ಕಡೆಯಿಂದ ಸದ್ದು ಬಂತು. ಜನ ತಿರುಗಿದರು. ಬೆವರಿನಿಂದ ತೊಯ್ದು ಕೆಂಪಾದ ಮುದುಕ ಕಲ್ಲುಹಾಸಿನ ಏರನ್ನು ಕಾಲು ಊರದೆ ಹತ್ತುತ್ತಿದ್ದ. ಅವನ ಹಿಂದೆ ಒಂದು ಮಾರು ದೂರದಲ್ಲಿ ಇವರು. "ಹೋಗ್ರಿ ಅಜ್ಜಾರ, ನಾ ಅದೀನಿ," ಎನ್ನುತ್ತಿದ್ದರು. ಅವನಿಗೆ ಅದು ಹೇಗೆ ಅರ್ಥವಾಯಿತೋ, ಅರ್ಥವಾಗಿತ್ತು. ಚೌಕದ ಅಷ್ಟೂ ಜನ ಎದ್ದು ನಿಂತು ಕೂಗಿದರು. ಗೆದ್ದ ಹುಡುಗನಿಗೂ ಅಷ್ಟು ಕೂಗಿರಲಿಲ್ಲ. ಆಮೇಲೆ ಆ ಹಂದಿಯ ತೊಡೆಯನ್ನು ಅಜ್ಜನಿಗೇ ಕೊಟ್ಟೆವು. ಅವನು ಬೇಡವೆನ್ನಲಿಲ್ಲ.

ಊರಿಗೆ ಬಂದ ಮೇಲೂ ಅವರ ಕಷ್ಟ ಕೂಡಲೇ ತೀರಲಿಲ್ಲ. ಮತ್ತೊಂದು ಚಳಿಗಾಲ ಕಳೆದ ಮೇಲೆ ಯಜಮಾನರಿಗೆ ಶಾಮ್‌ಬರ್ಗ್‌ನಲ್ಲಿ ಕೆಲಸ ಸಿಕ್ಕಿತು. ಕ್ಯಾಂಟನ್ನಿನ ಮನೆಯನ್ನು ಬಂದಷ್ಟಕ್ಕೆ ಮಾರಿ ಶಿಕಾಗೋ ಕಡೆ ಹೋದರು. ಸೆಪ್ಟೆಂಬರಿನ ಕೆಲಸ ಮಾತ್ರ ಬಿಡಲಿಲ್ಲ. ಗುಂಪಿನ ಮುಂದೆ ಹೋಗುವ ಗೈಡ್ ಆಗಿ ಎಂದು ಮೇಷ್ಟ್ರು ಎಷ್ಟು ಕೇಳಿಕೊಂಡರೂ, "ಮುಂದ ಹೋದ್ರ ಯಾರೂ ಕಾಣೂದಿಲ್ಲ," ಎಂದು ಒಪ್ಪಲಿಲ್ಲವಂತೆ.

ಅವರು ಹೋದ ಎರಡನೇ ವರ್ಷ ಅಲ್ಲಿನ ಕನ್ನಡದವರು ರಾಜ್ಯೋತ್ಸವಕ್ಕೆ ಇವರಿಗೆ ಸನ್ಮಾನ ಇಟ್ಟುಕೊಂಡರು. ನಾನು ಆನ್ ಆರ್ಬರ್‌ನಿಂದ ಡ್ರೈವ್ ಮಾಡಿಕೊಂಡು ಹೋದೆ. ಶಾಲೆಯೊಂದರ ಆಡಿಟೋರಿಯಂ, ಹಳದಿ ಕೆಂಪು ಬಾವುಟ, ಇಂಡಿಯನ್ ಅಂಗಡಿಗಳ ಬೀದಿ ಡೆವನ್ ಅವೆನ್ಯೂದಿಂದ ತರಿಸಿದ ಹಾರಗಳು. ಇವರು ಇಳಕಲ್ ಸೀರೆ ಉಟ್ಟಿದ್ದರು. ಮಗಳು ಕಾಲೇಜಿನಿಂದ ನಾಲ್ಕು ಜನ ಗೆಳತಿಯರನ್ನು ಕರೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು. ನಿರೂಪಕ ಬೆಂಗಳೂರಿನ ಹುಡುಗ, ಚೆನ್ನಾಗಿ ಮಾತಾಡುವವನು. ಶಾಲು ಹೊದಿಸಿದ ಮೇಲೆ, "ಫ್ರಾನ್ಸ್ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸೈಕಲ್ ರೇಸಿನಲ್ಲಿ ಮೊದಲ ಸ್ಥಾನ ಗಳಿಸಿ ಕನ್ನಡ ನಾಡಿಗೆ ಕೀರ್ತಿ ತಂದವರು," ಎಂದ. ಸಭೆ ಚಪ್ಪಾಳೆ ಹೊಡೆಯಿತು.

ಇವರು ಕೈಚಾಚಿ ಮೈಕ್ ಕೇಳಿದರು. ಹುಡುಗ ಖುಷಿಯಿಂದ ಕೊಟ್ಟ.

"ಅಂತರರಾಷ್ಟ್ರೀಯ ಅಲ್ರಿ, ಒಂದ ಸಣ್ಣ ಹಳ್ಳಿ ರೇಸ್," ಎಂದರು. "ನಾ ಮೊದಲ ಬಂದಿಲ್ಲ. ಎರಡನೇದಾಕಿ ಬಂದೀನಿ. ಮೊದಲ ಬಂದಾಕಿ ಒಬ್ಬಾಕಿ ಹುಡುಗಿ. ಭಾಳ ಚೊಲೋ ತುಳದಳು."

ಚಪ್ಪಾಳೆ ನಿಂತಿತು. ನಿರೂಪಕ ಹುಡುಗ ಮುಖ ಎಲ್ಲಿಡುವುದೆಂದು ತಿಳಿಯದೆ, "ಪರವಾಗಿಲ್ಲ ಮೇಡಂ, ನಮಗೆಲ್ಲಾ ನೀವೇ ಫಸ್ಟು," ಎಂದ.

"ಹಂಗ ಅನಬ್ಯಾಡಪ್ಪ," ಎಂದರು ಇವರು, ಮನೆಯ ಹುಡುಗನಿಗೆ ಹೇಳುವ ಹಾಗೆ. "ನಲವತ್ತಾರನೇ ವರ್ಷಕ್ಕ ಎರಡನೇದು ಬಂದೀನಿ. ಅದು ನಂದು. ಅದನ್ನ ಒಂದನೇದು ಮಾಡಿದ್ರ ಕಡಿಮಿ ಆಗ್ತೈತಿ."

ಮೈಕನ್ನು ಹುಡುಗನ ಕೈಗೆ ಕೊಟ್ಟರು. ಮೊದಲು ಎದ್ದು ನಿಂತು ಚಪ್ಪಾಳೆ ಹೊಡೆದವರು ಅವರ ಯಜಮಾನರು.